ನಡುಗೆರೆಯ ಮೇಲೆ ನಿಂತು ಹೇಳು

ಕಾರ್ಬೆಯಾ, ಅಸ್ತೂರಿಯಸ್
೧೨ ಜನವರಿ ೧೯೯೨, ಭಾನುವಾರ

ತಮ್ಮ ಸೆನೆನ್‌ಗೆ,

ಕ್ರಿಸ್‌ಮಸ್ಸಿಗೂ ನೀನು ಬರಲಿಲ್ಲ. ಆ ಮಾತು ಬಿಡು, ಈಗ ಅದಕ್ಕಿಂತ ದೊಡ್ಡ ಮಾತಿದೆ.

ಸಾಂತ ಎಲೆನಾ ಗಣಿಗೆ ಯಾರೂ ಇಳಿಯದೆ ಇವತ್ತಿಗೆ ಇಪ್ಪತ್ಮೂರು ದಿನ. ಗಣಿ ಮುಚ್ಚುತ್ತಾರಂತೆ. ಕಲ್ಲಿದ್ದಲು ಮುಗಿದಿಲ್ಲ, ಮುಗಿದಿರುವುದು ಅವರ ಮಾನ. ನಾನು ಮುಷ್ಕರದ ಅಡುಗೆಮನೆ ನೋಡಿಕೊಳ್ಳುತ್ತಿದ್ದೇನೆ. ಸಂಘದ ಹಾಲ್‌ನಲ್ಲಿ ದಿನಕ್ಕೆ ಆರುನೂರು ತಟ್ಟೆ. ಮಸೂರ, ಆಲೂಗಡ್ಡೆ, ಕಸಾಯಿ ಮನಸ್ಸು ಮಾಡಿದ ದಿನ ಮೂಳೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಮೂಟೆಗಳು ತಳ ಕಾಣುತ್ತವೆ. ಒಲೆ ಆರಿದ ಮರುದಿನವೇ ಗಂಡಸರು ತಲೆ ತಗ್ಗಿಸಿ ಗಣಿಗೆ ಇಳಿಯುತ್ತಾರೆ. ಕಂಪನಿಯವರು ಕಾಯುತ್ತಿರುವುದು ಅದನ್ನೇ.

ಅದಕ್ಕೇ ಒಂದು ಫುಟ್‌ಬಾಲ್ ಪಂದ್ಯ ಇಟ್ಟಿದ್ದೇವೆ. ಫೆಬ್ರವರಿ ೨೩ರ ಭಾನುವಾರ, ನೀನು ಮೊಣಕಾಲು ತರಚಿಕೊಂಡು ಬೆಳೆದ ಕರಿಮಣ್ಣಿನ ಮೈದಾನದಲ್ಲಿ. ಗಣಿಯವರ ತಂಡ, ಎದುರಿಗೆ ಪಕ್ಕದ ಕಣಿವೆಯ ಉಕ್ಕಿನ ಕಾರ್ಖಾನೆಯವರು. ಟಿಕೆಟ್ ಇಲ್ಲ. ಬಾಗಿಲಲ್ಲಿ ತಲೆಗೆ ಒಂದು ಕಿಲೋ ಮಸೂರವೋ ಕಡಲೆಯೋ ಸುರಿದು ಒಳಗೆ ಬರಬೇಕು. ನೀನು ಎಂಟನೇ ನಂಬರಿನ ಅಂಗಿ ಹಾಕಿ ಅರ್ಧ ಗಂಟೆ ಓಡಾಡಿದರೆ ಸಾಕು, ಮೂರು ಕಣಿವೆಯ ಜನ ನುಗ್ಗುತ್ತಾರೆ. ನೀನಿಲ್ಲದಿದ್ದರೆ ಬರುವವರು ನಾವೇ, ನಮ್ಮ ಮಸೂರವನ್ನು ನಾವೇ ನಮಗೆ ಕೊಟ್ಟುಕೊಂಡ ಹಾಗಾಗುತ್ತದೆ.

ಸಭೆಯಲ್ಲಿ ಯಾರೋ ಕೇಳಿದರು, "ಅವನು ಈಗ ದೊಡ್ಡ ಮನುಷ್ಯ, ಬರ್ತಾನಾ?" ಸೈಡರ್ ಹೆಂಡದಂಗಡಿಯ ಒನೋಫ್ರೆ ಎದ್ದ. "ಏನ್ರಯ್ಯಾ ಕೇಳ್ತೀರ? ಎಂಬತ್ನಾಲ್ಕರಲ್ಲಿ ದೇಶದ ಆಟಗಾರರೆಲ್ಲ ಮುಷ್ಕರ ಹೂಡಿದಾಗ ಸ್ಟೇಡಿಯಂ ಗೇಟಲ್ಲಿ ಎದೆ ಕೊಟ್ಟು ನಿಂತೋನು ಅವನು. ನನ್ನ ಗೋಡೆ ಮೇಲಿರೋ ಫೋಟೋ ನೋಡಿ ಬನ್ನಿ ಹೋಗಿ." ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ನನಗೆ ಕಣ್ಣು ತುಂಬಿತು, ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಿ ತಪ್ಪಿಸಿಕೊಂಡೆ.

ಯಾವ ರೈಲಿಗೆ ಬರುತ್ತೀಯ ಬರೆ.

ನಿನ್ನ ಅಕ್ಕ,
ಎತೆಲ್ವಿನಾ


ಅಲಿಕಾಂತೆ
೨೧ ಜನವರಿ ೧೯೯೨

ಅಕ್ಕಾ,

ನಿನ್ನ ಕಾಗದ ಸಿಕ್ಕಿತು. ಓದಿ ಹೆಮ್ಮೆಯಾಯಿತು. ಆದರೆ ಮೊಣಕಾಲು ಮೊದಲಿನಂತಿಲ್ಲ, ಮೆಟ್ಟಿಲು ಹತ್ತಿದರೆ ರಾಗ ಹಾಡುತ್ತದೆ. ಭಾನುವಾರಗಳಲ್ಲಿ ಕ್ಲಬ್ಬಿನ ಕೆಲಸವೂ ಇರುತ್ತದೆ. ಟೈ ಕಟ್ಟಿ ಬಾಗಿಲಲ್ಲಿ ನಿಂತು ಅತಿಥಿಗಳ ಕೈ ಕುಲುಕುವುದು, ಹಳೆಯ ಆಟಗಳ ಕಥೆ ಹೇಳುವುದು. ನಗಬೇಡ, ಈಗ ನನ್ನ ಹೊಟ್ಟೆಪಾಡು ಅದೇ.

ಹದಿನಾಲ್ಕು ಅಂಗಿ, ಆರು ಚೆಂಡು ಪಾರ್ಸೆಲ್ ಹಾಕಿದ್ದೇನೆ. ಅಂಗಿಗಳ ಮೇಲೆಲ್ಲ ಸಹಿ ಇದೆ. ಈಗಿನ ತಂಡದ ಒಬ್ಬಿಬ್ಬರನ್ನು ಕೇಳಿ ನೋಡುತ್ತೇನೆ, ಅವರು ಬಂದರೆ ಜನ ಇನ್ನೂ ಹೆಚ್ಚು ಸೇರುತ್ತಾರೆ. ನನ್ನನ್ನು ನೋಡಲು ಯಾರು ಬರುತ್ತಾರೆ? ಹದಿನಾರು ಸೀಸನ್ ಆಡಿದ್ದೇನೆ, ನಾನು ಹೊಡೆದ ಗೋಲು ಎರಡೂ ಕೈಯ ಬೆರಳಿಗಿಂತ ಕಡಿಮೆ. ಹಿಂದಿನವನಿಂದ ಚೆಂಡು ತೆಗೆದುಕೊಂಡು ಮುಂದಿನವನಿಗೆ ಕೊಡುವುದಷ್ಟೇ ನನ್ನ ಕೆಲಸವಾಗಿತ್ತು.

ಒನೋಫ್ರೆಗೆ ಒಂದು ಮಾತು ಹೇಳು. ಆ ಫೋಟೋ ಹಳೆಯದಾಯಿತು, ತೆಗೆದುಬಿಡಲಿ.

ಸೆನೆನ್


ಕಾರ್ಬೆಯಾ
೨೬ ಜನವರಿ ೧೯೯೨

ಸೆನೆನ್,

ಪಾರ್ಸೆಲ್ ಬಂತು. ಸಹಿ ಹಾಕಿದ ಅಂಗಿಯನ್ನು ಬೇಯಿಸಿದರೆ ಎಷ್ಟು ಜನಕ್ಕಾಗುತ್ತದೆ, ಅದನ್ನೂ ಬರೆದಿದ್ದರೆ ಚೆನ್ನಾಗಿತ್ತು.

ನಾನು ಚೆಂಡು ಕೇಳಲಿಲ್ಲ, ನಿನ್ನನ್ನು ಕೇಳಿದೆ. ಮೊಣಕಾಲು ನೋವೇ? ಅಪ್ಪ ಶ್ವಾಸಕೋಶದ ತುಂಬ ಕಲ್ಲುಧೂಳು ಇಟ್ಟುಕೊಂಡು ಒಂಬತ್ತು ವರ್ಷ ಗಣಿಗೆ ಇಳಿದ. ಆ ಫೋಟೋ ತೆಗೆಯಬೇಕಂತೆ. ಅದರಿಂದಲೇ ಪೋಸ್ಟರ್ ಅಚ್ಚಾಗಿದೆ, ನಾನೂರು ಪ್ರತಿ. ಕಣಿವೆಯ ಒಂದೊಂದು ಗೋಡೆಯ ಮೇಲೂ ನೀನು ಕೈ ಕಟ್ಟಿ ನಿಂತಿದ್ದೀಯ. ಕೆಳಗೆ ಬರೆದಿದ್ದೇವೆ: ಅಂದೂ ನಮ್ಮವನು, ಇಂದೂ ನಮ್ಮವನು.

ಇನ್ನೊಂದು ಸುದ್ದಿ. ಪಕ್ಕದ ಬೀದಿಯ ಹೆನಾರೊ ಶುಕ್ರವಾರ ಗಣಿಗೆ ಇಳಿದ. ಪೊಲೀಸರ ಜೀಪಿನ ಹಿಂದೆ, ತಲೆ ತಗ್ಗಿಸಿ. ಮರುದಿನ ಬೆಳಿಗ್ಗೆ ನಾವು ಹೆಂಗಸರು ಮೂವತ್ತು ಜನ ಅವನ ಹೊಸ್ತಿಲಿಂದ ಗಣಿಯ ತಿರುವಿನವರೆಗೂ ಮೆಕ್ಕೆಜೋಳ ಚೆಲ್ಲಿದೆವು, ಮುಷ್ಕರ ಮುರಿದವನು ಹೇಡಿ ಕೋಳಿ ಎಂದು ಸಾರಲು, ಅರವತ್ತೆರಡರ ಮುಷ್ಕರದಲ್ಲಿ ಅಮ್ಮ ಚೆಲ್ಲಿದ ಹಾಗೇ. ಅವನು ಬಾಗಿಲು ತೆರೆದಾಗ ಕೋಳಿ ಕರೆಯುವಂತೆ ಕರೆದೆವು: "ಬಾ ಬಾ ಬಾ, ಕಾಳು ತಿನ್ನು ಬಾ." ಕಾಳಿನ ಮೇಲೆ ಅವನ ಬೂಟು ಕರಕರ ಅನ್ನುತ್ತಿತ್ತು. ಅವನ ಹೆಂಡತಿ ಅಂಪಾರೊ ಕಿಟಕಿಯಿಂದ ಬೇಡಿಕೊಂಡಳು, "ಎತೆಲ್ವಿನಾ, ನನ್ನ ಕಾಯಿಲೆ ನಿನಗೆ ಗೊತ್ತಿಲ್ವೇನೇ?" ನಾನೆಂದೆ, "ಗೊತ್ತು ಕಣೇ. ಔಷಧಿ ನಮ್ಮನ್ನ ಕೇಳಿದ್ರೆ ಭಿಕ್ಷೆ ಎತ್ತಿಯಾದ್ರೂ ತರ್ತಿದ್ವಿ. ನಿನ್ನ ಗಂಡ ಕೇಳಿದ್ದು ಕಂಪನೀನ." ಮೊದಲ ಹಿಡಿ ಚೆಲ್ಲಿದವಳು ನಾನೇ.

ಬರುತ್ತೀಯೋ ಇಲ್ಲವೋ? ಒಂದು ಸಾಲು ಸಾಕು.

ಎತೆಲ್ವಿನಾ


ಅಲಿಕಾಂತೆ
೩೧ ಜನವರಿ ೧೯೯೨

ಅಕ್ಕಾ,

ಹೆನಾರೊನನ್ನು ಬಿಟ್ಟುಬಿಡಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮನುಷ್ಯ ಒಂದು ಗಳಿಗೆಯಲ್ಲಿ ಏನೋ ಮಾಡಿಬಿಡುತ್ತಾನೆ. ಅವನ ಮನೆಯೊಳಗೆ ಏನು ನಡೆಯಿತು, ಯಾರು ಏನು ಹೇಳಿದರು, ನಿನಗೆ ಗೊತ್ತೇ? ಕಾಳು ಚೆಲ್ಲುವುದು ಸುಲಭ. ಆ ಸದ್ದು ಬೂಟಿನೊಳಗೆ ಎಷ್ಟು ವರ್ಷ ಕೇಳುತ್ತದೆ ಎಂದು ಚೆಲ್ಲುವವರಿಗೆ ಗೊತ್ತಾಗುವುದಿಲ್ಲ.

ಪೋಸ್ಟರ್‌ಗಳನ್ನು ಕಿತ್ತುಹಾಕು. ಕೈಮುಗಿದು ಕೇಳುತ್ತೇನೆ. ಬೇರೆ ಯಾರನ್ನಾದರೂ ಕರೆಯಿರಿ.

ಸೆನೆನ್


ಕಾರ್ಬೆಯಾ
೪ ಫೆಬ್ರವರಿ ೧೯೯೨

ಸೆನೆನ್,

ಈ ಭಾಷೆ ನನಗೆ ಗೊತ್ತು. ಗಣಿಯ ಎಂಜಿನಿಯರ್ ಇದನ್ನೇ ಆಡುತ್ತಾನೆ. ಕಾರ್ಮಿಕರ ಕಷ್ಟ ನಮಗೂ ಅರ್ಥವಾಗುತ್ತದೆ, ಮನುಷ್ಯತ್ವ ಇರಲಿ, ದ್ವೇಷ ಬೇಡ. ಹೊಟ್ಟೆ ತುಂಬಿದವರಿಗೆ ಬರುವ ತೇಗು ಇದು. ನಿನ್ನ ಟೈ ಮಾತಾಡುತ್ತಿದೆ, ನೀನಲ್ಲ.

ಆರುನೂರು ತಟ್ಟೆ ಈಗ ಏಳುನೂರಾಗಿದೆ. ಮಸೂರವನ್ನು ನೀರು ಮಾಡಿ ಬಡಿಸುತ್ತಿದ್ದೇನೆ. ನೀನು ನನಗೆ ಹೆನಾರೊನ ಬೂಟಿನ ಬಗ್ಗೆ ಬರೆಯುತ್ತೀಯ.

ಪೋಸ್ಟರ್ ಕೀಳುವುದಿಲ್ಲ. ಕೀಳುವ ಆಸೆಯಿದ್ದರೆ ನೀನೇ ಬಂದು, ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವಂತೆ ಕೀಳು.


ಅಲಿಕಾಂತೆ
೮ ಫೆಬ್ರವರಿ ೧೯೯೨

ಅಕ್ಕಾ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ಎಂಬತ್ನಾಲ್ಕರ ಸೆಪ್ಟೆಂಬರ್. ಭಾನುವಾರ ಯಾರೂ ಆಡುವುದಿಲ್ಲ ಎಂದು ಆಟಗಾರರ ಸಂಘ ತೀರ್ಮಾನಿಸಿತ್ತು. ನಮ್ಮ ಡ್ರೆಸ್ಸಿಂಗ್ ಕೋಣೆಯಲ್ಲಿ ಇಪ್ಪತ್ತೆರಡು ಜನ. ಮೊದಲು ಎದ್ದು ಮಾತಾಡಿದವನು ಬಾಲ್ಬಿನೊ ಎಂಬ ಹುಡುಗ, ಬಲಗಡೆಯ ರಕ್ಷಣಾ ಆಟಗಾರ, ಇಪ್ಪತ್ನಾಲ್ಕು ವರ್ಷ, ಎಕ್ಸ್ತ್ರೆಮಾದೂರಾದ ಕೂಲಿಯವನ ಮಗ. "ನಮ್ಮನ್ನ ಕುರಿ ಹಾಗೆ ಇಟ್ಕೊಂಡಿದಾರೆ. ಮಾರೋದೂ ಅವರೇ, ಕಟ್ಟಿ ಹಾಕೋದೂ ಅವರೇ. ಒಂದು ಭಾನುವಾರ ಕುರಿ ಎದ್ದು ನಿಂತ್ರೆ ಏನಾಗುತ್ತೆ ನೋಡೋಣ." ಅವನ ಮಾತಿಗೆ ಎಲ್ಲರೂ ಕೈ ಎತ್ತಿದರು. ಕ್ಯಾಪ್ಟನ್ ನಾನು, ನಾನೂ ಎತ್ತಿದೆ.

ಶುಕ್ರವಾರ ಕ್ಲಬ್ಬಿನ ಅಧ್ಯಕ್ಷ ಡಾನ್ ಅನ್ಸೆಲ್ಮೊ ನನ್ನನ್ನು ಕರೆಸಿದ. ಕಿತ್ತಳೆ ಸುಲಿಯುತ್ತಿದ್ದ, ಅರ್ಧ ನನಗೂ ಕೊಟ್ಟ. "ಸೆನೆನ್, ನಿನಗೀಗ ಮೂವತ್ಮೂರು. ಮೂವತ್ಮೂರರ ಆಟಗಾರ ಅಂದ್ರೆ ಸವೆದ ಬೂಟು. ಆದ್ರೂ ನಿನ್ನನ್ನ ನಾನು ಎಸೆಯೋನಲ್ಲ. ಇಪ್ಪತ್ತೆರಡು ಜನ ಒಟ್ಟಿಗೆ ಏಳೋದಿಲ್ಲ ಕಣಪ್ಪ, ಯಾರೋ ಒಬ್ಬ ಮೊದಲು ಏಳ್ತಾನೆ. ಯಾರು ಅಂತ ಹೇಳು, ಅವನ ಜೊತೆ ಮಾತಾಡ್ತೀನಿ, ಅಷ್ಟೇ."

ಬೆದರಿಸಲಿಲ್ಲ ಅಕ್ಕಾ. ಬೆದರಿಸಿದ್ದರೆ ನನಗೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಕಿತ್ತಳೆ ತಿನ್ನುತ್ತಾ ಹೆಸರು ಹೇಳಿದೆ.

ಭಾನುವಾರ ಗೇಟಿನಲ್ಲಿ ಬಾಲ್ಬಿನೊ ನನ್ನ ಪಕ್ಕದಲ್ಲೇ ನಿಂತಿದ್ದ. ಫೋಟೋದ ಬಲ ಅಂಚಿನಲ್ಲಿ ಅರ್ಧ ಭುಜವೊಂದು ಕಾಣುತ್ತದಲ್ಲ, ಅದು ಅವನದು. ಮೇ ತಿಂಗಳಲ್ಲಿ ಅವನ ಕರಾರು ಮುಂದುವರಿಸಲಿಲ್ಲ. ಅಧ್ಯಕ್ಷನ ಒಂದು ಫೋನಿಗೆ ಬೇರೆ ಯಾವ ಕ್ಲಬ್ಬೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇಪ್ಪತ್ತೈದಕ್ಕೆ ಅವನ ಆಟ ಮುಗಿಯಿತು. ನನಗೆ ಇನ್ನೆರಡು ಸೀಸನ್ ಸಿಕ್ಕಿತು, ಆಮೇಲೆ ಈ ಬಾಗಿಲ ಕೆಲಸ. ನೀನು ಟೈ ಮಾತಾಡುತ್ತಿದೆ ಎಂದೆ. ಸರಿಯಾಗಿಯೇ ಅಂದೆ, ಯಾಕೆ ಸರಿ ಎಂದು ನಿನಗೆ ಗೊತ್ತಿರಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಹೇಳಿದೆ. ಈಗ ಆ ಅಂಗಿ ಹಾಕು ಎನ್ನುತ್ತೀಯಾ?

ಸೆನೆನ್


ಅಲಿಕಾಂತೆ
೧೩ ಫೆಬ್ರವರಿ ೧೯೯೨

ಅಕ್ಕಾ,

ಕಾಗದ ತಲುಪಿತೇ? ಅದಷ್ಟನ್ನಾದರೂ ತಿಳಿಸು.


ಕಾರ್ಬೆಯಾ
೧೫ ಫೆಬ್ರವರಿ ೧೯೯೨

ಸೆನೆನ್,

ತಲುಪಿ ನಾಲ್ಕು ದಿನವಾಯಿತು. ನಿಂತೇ ಓದಿದೆ. ಒಲೆಯ ಮೇಲಿದ್ದ ಮಸೂರ ಸೀದುಹೋಯಿತು, ನಲವತ್ತು ತಟ್ಟೆಯಷ್ಟು. ಸೀದ ವಾಸನೆಗೆ ಹೆಂಗಸರು ಓಡಿಬಂದರು. "ಏನಾಯ್ತೇ? ಯಾರ್ದು ಕಾಗದ?" "ತಮ್ಮಂದು," ಅಂದೆ. "ಬರ್ತಾನಂತಾ?" "ಬರ್ತಾನೆ," ಅಂದೆ.

ಹಾಗೆ ಯಾಕೆ ಹೇಳಿದೆನೋ ನನಗೇ ಗೊತ್ತಿಲ್ಲ. ಆಮೇಲಿನ ನಾಲ್ಕು ದಿನ ನಾನು ಮಾಡಿದ್ದನ್ನು ಕೇಳು. ನಿನ್ನ ಪರವಾಗಿ ಕಾರಣ ಹುಡುಕಿದೆ. ವಯಸ್ಸಾಗಿತ್ತು, ಒಂಟಿಯಾಗಿದ್ದ, ದಕ್ಷಿಣದವರ ನಡುವೆ ಪರದೇಶಿಯಾಗಿದ್ದ. ಹೆನಾರೊಗೆ ಒಂದೇ ಒಂದು ಕಾರಣ ಹುಡುಕದವಳು ನಿನಗೆ ಒಂಬತ್ತು ಹುಡುಕಿದೆ. ಗುರುವಾರ ಒನೋಫ್ರೆಯ ಅಂಗಡಿಗೆ ಹೋಗಿ ಫೋಟೋ ಕೆಳಗಿಳಿಸಿದೆ. "ಏನ್ ಮಾಡ್ತಿದೀಯಾ?" ಅಂದ. "ಗಾಜು ಒರೆಸ್ತಿದೀನಿ," ಅಂದೆ. ಒರೆಸಿ, ಮತ್ತೆ ನೇತುಹಾಕಿ ಬಂದೆ. ಆ ಅರ್ಧ ಭುಜವನ್ನು ನೋಡಿದೆ. ಎಂಟು ವರ್ಷದಿಂದ ನೋಡುತ್ತಲೇ ಇದ್ದೇನೆ, ಅದು ಒಬ್ಬ ಮನುಷ್ಯ ಎಂದು ಹೊಳೆದೇ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಹೆನಾರೊನ ಬಾಗಿಲಿಗೆ ಹೋಗುವ ಸರದಿ ನನ್ನದಿತ್ತು. ಬುಟ್ಟಿ ಕೈಯಲ್ಲಿತ್ತು, ಹೆಂಗಸರು ನಾನು ಮೊದಲ ಹಿಡಿ ಹಾಕಲೆಂದು ಕಾಯುತ್ತಿದ್ದರು. ಕೈ ಏಳಲಿಲ್ಲ. ಹೆನಾರೊ ಮೇಲೆ ಕರುಣೆ ಬಂತು ಎಂದುಕೊಳ್ಳಬೇಡ, ಬಂದಿಲ್ಲ. ಅವನು ಕೋಳಿಯೇ. ಆದರೆ ಅವನು ಹಾಡಹಗಲಲ್ಲಿ, ಎಲ್ಲರ ಎದುರು, ಕಾಳು ತುಳಿದುಕೊಂಡು ಹೋಗುತ್ತಾನೆ. ನೀನು ಮುಂಬಾಗಿಲಲ್ಲಿ ಕೈ ಕಟ್ಟಿ ನಿಂತು ಹಿಂಬಾಗಿಲಲ್ಲಿ ಹೆಸರು ಕೊಟ್ಟೆ. ಮತ್ತು ನಾನು, ಮನೆಯೊಳಗೆ ಒಂದು ಕೋಳಿಯನ್ನು ಬಚ್ಚಿಟ್ಟುಕೊಂಡು ಬೀದಿಯ ಕೋಳಿಗೆ ಕಾಳು ಹಾಕಲು ಹೊರಟವಳು. ಬುಟ್ಟಿಯನ್ನು ಪಕ್ಕದವಳ ಕೈಗೆ ಕೊಟ್ಟು ಬಂದೆ.

ನಿನಗೆ ಕ್ಷಮೆ ಬೇಕು. ನಾನು ಒಡಹುಟ್ಟಿದವಳು, ಕೊಟ್ಟೇ ಕೊಡುತ್ತೇನೆ ಎಂದುಕೊಂಡು ನನಗೆ ಬರೆದೆ. ನಿನ್ನ ಲೆಕ್ಕ ತಪ್ಪು. ನಾನು ಕಳೆದುಕೊಂಡದ್ದೇನೂ ಇಲ್ಲ, ಕ್ಷಮಿಸಲು ನಾನ್ಯಾರು? ಕಳೆದುಕೊಂಡವನು ಬಾಲ್ಬಿನೊ. ಮೊದಲು ಅವನ ಮುಖ ನೋಡು.

ಆಮೇಲೆ ಇಲ್ಲಿಗೆ ಬಾ. ಪಂದ್ಯ ನಿಲ್ಲುವುದಿಲ್ಲ. ಮೂಟೆ ಮೂರೇ ಉಳಿದಿವೆ. ಅಂಗಿ ಹಾಕಿಕೋ. ಮೈದಾನದ ನಡುಗೆರೆಯ ಮೇಲೆ ನಿಂತು, ನನಗೆ ಬರೆದದ್ದನ್ನು ಧ್ವನಿವರ್ಧಕದಲ್ಲಿ ಹೇಳು. ಕಿತ್ತಳೆಯ ಸಮೇತ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಆಗ ಜನ ಎದ್ದು ಹೋಗಬಹುದು, ಮಸೂರ ವಾಪಸು ಕೇಳಬಹುದು, ಒಲೆ ಆರಬಹುದು, ಮುಷ್ಕರವೇ ಮುರಿಯಬಹುದು. ಆ ಹೆದರಿಕೆಯಿಂದ ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದೆ. ಸುಳ್ಳಿನ ಪೋಸ್ಟರಿನ ಕೆಳಗೆ ಬೇಯಿಸಿದ್ದನ್ನು ಈ ಜನಕ್ಕೆ ಬಡಿಸಲಾರೆ.

ಎತೆಲ್ವಿನಾ


ದಾನ್ ಬೆನಿತೊ, ಎಕ್ಸ್ತ್ರೆಮಾದೂರಾ
೧೯ ಫೆಬ್ರವರಿ ೧೯೯೨

ಅಕ್ಕಾ,

ಬಾಲ್ಬಿನೊ ಇಲ್ಲಿ ಟೊಮೇಟೊ ಡಬ್ಬಿ ಕಾರ್ಖಾನೆಯಲ್ಲಿದ್ದಾನೆ. ಪಾಳಿ ಮುಗಿಯುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದೆ. ನನ್ನನ್ನು ನೋಡಿ ಓಡಿಬಂದು ತಬ್ಬಿಕೊಂಡ. "ಕ್ಯಾಪ್ಟನ್, ದಪ್ಪಗಾಗಿದ್ದೀಯಲ್ಲಪ್ಪಾ. ಇನ್ನು ನಿನ್ನನ್ನ ದಾಟಿ ಹೋಗೋಕೆ ಬಸ್ಸೇ ಬೇಕು." ಅಲ್ಲೇ ಹೇಳಿದೆ. ತಬ್ಬಿದ ಕೈ ಇನ್ನೂ ನನ್ನ ಭುಜದ ಮೇಲಿತ್ತು. ನಿಧಾನವಾಗಿ ತೆಗೆದ.

ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ: "ಹಂಗಾದ್ರೆ ಉರ್ಬಾನೊ ಅಲ್ವಾ?"

ಉರ್ಬಾನೊ ನಮ್ಮ ಗೋಲ್‌ಕೀಪರ್. ಆ ವಾರ ಅಧ್ಯಕ್ಷನ ಕಾರಿನಲ್ಲಿ ಕೂತಿದ್ದನ್ನು ಯಾರೋ ನೋಡಿದ್ದರಂತೆ. ಎಂಟು ವರ್ಷದಿಂದ ಬಾಲ್ಬಿನೊ ಅವನೇ ಎಂದು ನಂಬಿದ್ದಾನೆ. ಇಬ್ಬರೂ ಒಂದೇ ಊರಿನವರು, ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದವರು. ಉರ್ಬಾನೊನ ಅಪ್ಪ ಸತ್ತಾಗ ಇವನು ಬೀದಿಯ ಆಚೆ ಬದಿಯಲ್ಲೇ ನಡೆದುಹೋದನಂತೆ. "ಹೆಣ ಹೊರೋಕೆ ಒಬ್ರು ಕಮ್ಮಿ ಇದ್ರು," ಅಂದ. "ನಾನು ನೋಡ್ತಾ ಹೋದೆ."

ನನಗೆ ಬಯ್ಯಲಿಲ್ಲ. ಬಯ್ಯಲು ಅವನಿಗೆ ಪುರುಸೊತ್ತಿರಲಿಲ್ಲ. ಕಾರ್ಖಾನೆಯ ಬಟ್ಟೆಯಲ್ಲೇ ಉರ್ಬಾನೊನ ಮನೆಯ ಕಡೆ ಓಡಿದ. ಹೋಗುತ್ತಾ ತಿರುಗಿ ಒಂದು ಮಾತು ಹೇಳಿದ: "ನೀನು ನನ್ನ ಕಾಲು ಮುರಿದಿದ್ರೆ ಅದು ವಾಸಿಯಾಗಿರೋದು ಕಣೋ."

ನಾನು ಕೊಟ್ಟ ಹೆಸರು ಅವನೊಬ್ಬನನ್ನೇ ತಿಂದಿತು ಎಂದುಕೊಂಡಿದ್ದೆ.

ಶನಿವಾರ ಸಂಜೆ ಕಾರ್ಬೆಯಾಕ್ಕೆ ಬರುತ್ತೇನೆ. ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ನೀನೂ ಬೇಡ. ಮನೆಗೆ ಬರುವುದಿಲ್ಲ, ಎಲ್ಲಾದರೂ ಮಲಗುತ್ತೇನೆ. ಕ್ಲಬ್ಬಿಗೆ ಹೇಳಿಲ್ಲ. ಭಾನುವಾರದ ನಂತರ ಅವರೇ ಹೇಳುತ್ತಾರೆ.

ಸೆನೆನ್


ಕಾರ್ಬೆಯಾ
೨೬ ಫೆಬ್ರವರಿ ೧೯೯೨

ಸೆನೆನ್,

ನೀನು ಕಿತ್ತಳೆಯ ಸಮೇತ ಎಲ್ಲವನ್ನೂ ಹೇಳಿ, ಅಂಗಿ ಕಳಚಿ ಗೆರೆಯ ಮೇಲಿಟ್ಟು ಹೊರಟೆ, ತಿರುಗಿ ನೋಡಲಿಲ್ಲ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರ ಜನ ಸೇರಿದ್ದರು, ನೀನು ಗೇಟು ದಾಟುವುದನ್ನೇ ನೋಡುತ್ತಿದ್ದರು. ಮೊದಲು ಬಾಯಿ ಬಿಟ್ಟವನು ಒನೋಫ್ರೆ. "ನನ್ನ ಗೋಡೆ," ಅಂದ. ಅಷ್ಟೇ ಅಂದು ಮನೆಗೆ ಹೋದ. ಮೂವರು ಹೆಂಗಸರು ಬಾಗಿಲಿಗೆ ಬಂದು ತಮ್ಮ ಮಸೂರ ವಾಪಸು ಕೇಳಿದರು. ನಾನೇ ಮೂಟೆ ಬಿಚ್ಚಿ ಅಳೆದು ಕೊಟ್ಟೆ. ನಾಲ್ಕನೆಯವಳು ಬಂದಳು, ಇವಳೂ ಕೇಳುತ್ತಾಳೆ ಎಂದುಕೊಂಡೆ. "ನಾನು ತಂದಿದ್ದು ಅವನಿಗಲ್ಲ," ಎಂದು ಇನ್ನೊಂದು ಕಿಲೋ ಸುರಿದು ಹೋದಳು. ಯಾರೆಂದು ಹೇಳುವುದಿಲ್ಲ. ನೀನು ಅವಳಿಗೆ ಕೃತಜ್ಞತೆಯ ಕಾಗದ ಬರೆಯುತ್ತೀಯ, ಅದು ಬೇಡ.

ನಿನ್ನ ಅಂಗಿಯನ್ನು ಯಾರೂ ಮುಟ್ಟಲಿಲ್ಲ. ಬದಲಿ ಆಟಗಾರರು ನಾಲ್ವರಿದ್ದರು, ನಾಲ್ವರೂ ನೆಲ ನೋಡಿದರು. ರೆಫರಿ ಗಡಿಯಾರ ತೋರಿಸಿದ. ಹತ್ತೇ ಜನ ಆಡಿದೆವು. ನಡುವಿನಲ್ಲಿ ಆಳಿಲ್ಲ, ಉಕ್ಕಿನವರು ಹೆದ್ದಾರಿಯಲ್ಲಿ ಬಂದ ಹಾಗೆ ಬಂದರು. ಮೂರು ಒಂದು, ಸೋತೆವು. ಇದನ್ನು ನಿನ್ನ ಜಾಗಕ್ಕೆ ಕೊಟ್ಟ ಗೌರವ ಎಂದು ತಿಳಿಯಬೇಡ. ನೀನು ನಿಂತಲ್ಲಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ, ಅಷ್ಟೇ.

ಮೂಟೆಗಳು ಈಗ ಗೋಡೆಯೆತ್ತರಕ್ಕಿವೆ. ಮಾರ್ಚ್ ಕೊನೆಯವರೆಗೂ ಒಲೆ ಉರಿಯುತ್ತದೆ. ಉರಿಸುವವಳು ನಾನಲ್ಲ. ಸೋಮವಾರದ ಸಭೆಯಲ್ಲಿ ಎದ್ದು ನಿಂತು, ನಿನ್ನ ಕಾಗದವನ್ನು ಹನ್ನೆರಡು ದಿನ ಎದೆಯೊಳಗೆ ಬಚ್ಚಿಟ್ಟಿದ್ದೆ, "ಬರ್ತಾನೆ" ಎಂದು ಸುಳ್ಳು ಹೇಳಿದ್ದೆ ಎಂದೆ. ಕೈ ಎತ್ತಿಸಿ ನಿರ್ಧರಿಸಿದರು. ಅಡುಗೆಮನೆಯ ಮುಖ್ಯಸ್ಥೆಯ ಕೆಲಸದಿಂದ ತೆಗೆದರು. ಈಗ ಮೂಲೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತೇನೆ. ಸರಿಯಾಗಿಯೇ ಮಾಡಿದರು. ನಾನೂ ಅವರ ಜಾಗದಲ್ಲಿದ್ದರೆ ಕೈ ಎತ್ತುತ್ತಿದ್ದೆ.

ಹೆನಾರೊ ಮಂಗಳವಾರವೂ ಇಳಿದ. ನಿನ್ನ ಮಾತಿನಿಂದ ಅವನ ಮನಸ್ಸು ಬದಲಾಗಲಿಲ್ಲ, ಯಾರ ಮನಸ್ಸೂ ಬದಲಾಗಲಿಲ್ಲ. ಇಂಥ ಮಾತಿಗೆ ಅಷ್ಟು ಬೆಲೆ ಇರುತ್ತದೆ ಎಂದು ನಾನೂ ನಂಬಿರಲಿಲ್ಲ.

ಕ್ಲಬ್ಬಿನವರು ನಿನ್ನ ಟೈ ಬಿಚ್ಚಿಸಿದರೆಂದು ರೇಡಿಯೋದಲ್ಲಿ ಕೇಳಿದೆ. ಬಾಲ್ಬಿನೊ, ಉರ್ಬಾನೊ ಏನು ಮಾಡಿದರೋ ನನಗೆ ಗೊತ್ತಿಲ್ಲ, ಅದನ್ನು ಕೇಳುವ ಹಕ್ಕು ನಮ್ಮಿಬ್ಬರಿಗೂ ಇಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಆರಕ್ಕೆ ಹೆದ್ದಾರಿ ತಡೆ. ಗಂಡಸರಲ್ಲಿ ಅರ್ಧ ಜನರನ್ನು ಪೊಲೀಸರು ಹಿಡಿದು ಠಾಣೆಯಲ್ಲಿಟ್ಟಿದ್ದಾರೆ, ರಸ್ತೆಗೆ ಅಡ್ಡ ಟೈರು ಉರುಳಿಸಲು ಆಳು ಸಾಲದು. ಸೇತುವೆಯ ಕೆಳಗೆ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬರುತ್ತಾರೆ, ಯಾರು ಯಾರೆಂದು ಯಾರೂ ಕೇಳುವುದಿಲ್ಲ. ನಾನೂ ಮಾತಾಡಿಸುವುದಿಲ್ಲ. ಬರುವುದಾದರೆ ದಪ್ಪ ಕೈಗವಸು ತಾ. ಹಳೆಯ ಟೈರಿನ ತಂತಿ ಅಂಗೈ ಹರಿಯುತ್ತದೆ.

ಎತೆಲ್ವಿನಾ